ನಮ್ಮವ್ವನಿಗೆ ಒಗ್ಗುವ ರಕ್ತ

ನನ್ನ ಅಕ್ಷರ ಚೆನ್ನಾಗಿಲ್ಲ, ಮಾತೂ ಸಾಲದು. ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ನಾನು ಓದಿದ್ದು ತಮಿಳು ಶಾಲೆಯಲ್ಲಿ. ಅದೂ ಹನ್ನೊಂದನೇ ತರಗತಿಯ ಅರ್ಧಕ್ಕೆ ನಿಂತುಹೋಯಿತು. ಕನ್ನಡ ಬರೆಯಲು ಕಲಿತದ್ದು ವೇದಸಂದೂರಿನಲ್ಲಿ, ತಮಿಳುನಾಡಿನಲ್ಲಿದ್ದೂ ಮನೆಯಲ್ಲಿ ಕನ್ನಡ ಆಡುವ ನಮ್ಮ ಜನರ ಸಂಘದವರು ಭಾನುವಾರ ನಡೆಸುವ ತರಗತಿಯಲ್ಲಿ. ಮನೆಯಲ್ಲಿ ಆಡುವ ಕನ್ನಡಕ್ಕೂ ಬರೆಯುವ ಕನ್ನಡಕ್ಕೂ ಇಷ್ಟು ದೂರ ಇದೆ ಎಂದು ಅಲ್ಲಿಗೆ ಹೋದ ಮೇಲೆಯೇ ಗೊತ್ತಾದದ್ದು. ಸಂಘದ ಪುಸ್ತಕಕ್ಕೆ ನಿಮ್ಮ ಮನೆಯ ಯಾರಾದರೂ ಒಬ್ಬರ ಬಗ್ಗೆ ಬರೆಯಿರಿ ಎಂದು ಧನಪಾಲ್ ಮೇಷ್ಟ್ರು ಹೇಳಿದರು. ಉಳಿದವರು ತಾತ, ಮುತ್ತಾತ ಎಂದರು. ನಾನು ನಮ್ಮವ್ವ ಪಳನಿಯಮ್ಮಾಳ್ ಎಂದೆ. ಒಂದೊಂದು ಸಾಲನ್ನೂ ಮೂರು ಸಲ ಬರೆದು ನೋಡಿದ್ದೇನೆ. ಆದರೂ ತಪ್ಪಿರಬಹುದು.

ಅವ್ವ ಹುಟ್ಟಿದ್ದು ಚಿನ್ನಮನೂರಿನ ಹತ್ತಿರದ ಮಾರ್ಕಯನ್‌ಕೋಟ್ಟೈಯಲ್ಲಿ. ಅವಳ ಅಪ್ಪನಿಗೆ ವೀಳ್ಯದೆಲೆಯ ತೋಟವಿತ್ತು. ಅವರು ಮದುವೆಯಾದದ್ದು ತಮ್ಮ ಸ್ವಂತ ಅಕ್ಕನ ಮಗಳನ್ನು. ನಮ್ಮಲ್ಲಿ ಅದೇನು ಹೊಸತಲ್ಲ. ಇಬ್ಬರೇ ಮಕ್ಕಳು. ದೊಡ್ಡವನು ಕಾಳಿಮುತ್ತು, ನನ್ನ ಮಾಮ. ಅವನಿಗಿಂತ ಆರು ವರ್ಷ ಚಿಕ್ಕವಳು ಅವ್ವ. ಮಾಮ ಏಣಿ ಹತ್ತಿ ಎಲೆ ಕಿತ್ತು ಹಾಕುತ್ತಿದ್ದ, ಅವ್ವ ಕೆಳಗೆ ಕೂತು ನೂರು ನೂರು ಎಣಿಸಿ ಕಟ್ಟುತ್ತಿದ್ದಳು. ಮಾತಾಡುತ್ತಲೇ ಎಣಿಸುವಳು, ಎಣಿಕೆ ತಪ್ಪುತ್ತಿರಲಿಲ್ಲ. ಮಾಮ ಬೇಕೆಂದೇ ನಡುವೆ ಏನಾದರೂ ಕೇಳಿ ತಪ್ಪಿಸಲು ನೋಡುವನಂತೆ. ಅವಳು ಉತ್ತರವನ್ನೂ ಕೊಟ್ಟು ಎಲೆಯನ್ನೂ ಇಡುವಳಂತೆ. ಇದನ್ನು ಅವ್ವನೇ ನನಗೆ ಹೇಳಿದ್ದು, ಅಣ್ಣನ ಹೆಸರು ಹೇಳುವುದನ್ನು ಬಿಡುವ ಮೊದಲು.

ಹತ್ತೊಂಬತ್ತಕ್ಕೆ ಅವಳನ್ನು ವೇದಸಂದೂರಿಗೆ, ನಮ್ಮಪ್ಪ ಪಿಚ್ಚೈಗೆ ಕೊಟ್ಟರು. ಇಲ್ಲಿ ಎಲೆತೋಟವಿಲ್ಲ, ನೂಲಿನ ಮಿಲ್ಲುಗಳಿವೆ. ಅವ್ವ ಮಿಲ್ಲಿಗೆ ಸೇರಿದಳು. ಓಡುವ ಯಂತ್ರದ ಮುಂದೆ ಆ ತುದಿಯಿಂದ ಈ ತುದಿಗೆ ನಡೆಯುತ್ತ, ಕಡಿದ ಎಳೆಗಳನ್ನು ಕೂಡಿಸುವ ಕೆಲಸ. ಇಪ್ಪತ್ತಾರು ವರ್ಷ ಮಾಡಿದಳು. ಮನೆಗೆ ಬಂದಾಗ ಅವಳ ಹುಬ್ಬಿನ ಮೇಲೆ ಹತ್ತಿಯ ಧೂಳು ಕೂತಿರುತ್ತಿತ್ತು.

ಮಿಲ್ಲಿನವರು ಕೊಟ್ಟ ಗುರುತಿನ ಚೀಟಿಯಲ್ಲಿ ರಕ್ತದ ಗುಂಪು ‘ಓ ಪಾಸಿಟಿವ್’ ಎಂದಿತ್ತು. ಓ ರಕ್ತದವರು ಬಹಳ ಜನಕ್ಕೆ ಕೊಡಬಹುದು ಎಂದು ಯಾರೋ ಅವಳಿಗೆ ಹೇಳಿದ್ದರು. ಆವತ್ತಿನಿಂದ ಅವ್ವನಿಗೆ ಅದೊಂದು ಹೆಮ್ಮೆ. ಅಪ್ಪ ಜಗಳಕ್ಕೆ ಬಂದರೆ, “ನಿನ್ ಬಿ ರಕ್ತ ಯಾರ್ಗಾಗ್ತದೆ? ನನ್ ರಕ್ತ ಊರ್ಗೇ ಒಗ್ತದೆ, ಸುಮ್ನಿರಯ್ಯಾ” ಎನ್ನುವಳು.

ಮಿಲ್ಲಿನಲ್ಲಿ ರಕ್ತದಾನದ ಶಿಬಿರ ಇಟ್ಟಾಗ ಎಲ್ಲರಿಗಿಂತ ಮೊದಲು ಹೋಗಿ ನಿಂತಳು. ತೂಕ ನಲವತ್ತೆರಡು ಕಿಲೋ. ನಲವತ್ತೈದಾದರೂ ಬೇಕು ಎಂದು ವಾಪಸು ಕಳಿಸಿದರು. ಮರುವರ್ಷ ಊಟದ ಡಬ್ಬಿಯನ್ನು ಸೀರೆಯ ನೆರಿಗೆಯೊಳಗೆ ಕಟ್ಟಿಕೊಂಡು ತಕ್ಕಡಿ ಹತ್ತಿದಳು. ಮುಳ್ಳು ನಲವತ್ತೈದು ದಾಟಿತು. ನರ್ಸು ಅವಳನ್ನೇ ನೋಡಿ, “ಅಕ್ಕಾ, ಉಂಗ ಇಡುಪ್ಪುಲ ಸಾಂಬಾರ್ ವಾಸನೆ ವರುದೇ” ಎಂದರಂತೆ, ನಿಮ್ಮ ಸೊಂಟದಿಂದ ಸಾಂಬಾರಿನ ವಾಸನೆ ಬರುತ್ತಿದೆಯಲ್ಲ ಎಂದು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅವ್ವನೂ ನಕ್ಕು ಡಬ್ಬಿ ತೆಗೆದು, ನರ್ಸಿಗೇ ಒಂದು ತುತ್ತು ಕೊಟ್ಟು ಬಂದಳು. ಹೀಗೆ ಅವಳು ಯಾವತ್ತೂ ರಕ್ತ ಕೊಡಲಿಲ್ಲ. ಅವಳ ರಕ್ತವನ್ನು ಯಾರೂ ಸರಿಯಾಗಿ ನೋಡಲೂ ಇಲ್ಲ.

ಈಗ ಮಾಮನ ವಿಷಯ ಬರೆಯಬೇಕು.

ನಮ್ಮಲ್ಲಿ ಅತ್ತೆಯ ಮಗಳ ಮೇಲೆ ಹುಡುಗನಿಗೆ ಹಕ್ಕು. ಮಾಮನ ಮಗ ಶಕ್ತಿವೇಲನಿಗೆ ನಮ್ಮಕ್ಕ ಅಮುದಾ ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಅಕ್ಕ ದೊಡ್ಡವಳಾದ ಮೇಲೆ ಬೇಡ ಎಂದಳು. ಶಕ್ತಿವೇಲ್ ಒಳ್ಳೆಯವನೇ, ಆದರೆ ಅಣ್ಣನ ಹಾಗೆ ನೋಡಿದ್ದೇನೆ ಎಂದಳು. ಅವ್ವ ಎರಡು ತಿಂಗಳು ಅವಳ ಜೊತೆ ಮಾತಾಡಲಿಲ್ಲ, ಆಮೇಲೆ ಅವಳ ಕಡೆಗೇ ಬಂದಳು. ಐದು ವರ್ಷದ ಹಿಂದೆ ಮಾಮ ಹಿರಿಯರನ್ನು ಕರೆದುಕೊಂಡು, ತಟ್ಟೆಯಲ್ಲಿ ತನ್ನ ತೋಟದ್ದೇ ಎಲೆ ಇಟ್ಟುಕೊಂಡು ನಮ್ಮ ಮನೆಗೆ ಬಂದ. ಅವ್ವ ತಟ್ಟೆ ಮುಟ್ಟಲಿಲ್ಲ.

“ಅವ್ಳ್ಗೆ ಮನ್ಸಿಲ್ಲಣ್ಣಾ. ನಾ ಏನ್ ಮಾಡ್ಲಿ?”

“ಅವ್ಳ್ ಮನ್ಸ್ ಕೇಳಕ್ ಬಂದಿಲ್ಲ. ನನ್ ಹಕ್ಕ್ ಕೇಳಕ್ ಬಂದಿವ್ನಿ.”

“ಹಕ್ಕಾ? ನಾ ಹೆತ್ತಿವ್ನಿ, ನಂಗಿಲ್ದ ಹಕ್ಕು ನಿಂಗಾ?”

ಮಾಮ ಎದ್ದು ಅಂಗಳಕ್ಕೆ ಹೋಗಿ, ದನದ ಮುಂದಿದ್ದ ಹುಲ್ಲಿನಿಂದ ಒಂದು ಕಡ್ಡಿ ತೆಗೆದು, ಹಿರಿಯರ ಎದುರಿಗೆ ಎರಡು ತುಂಡು ಮಾಡಿ ಎಸೆದ. ನಮ್ಮಲ್ಲಿ ಹಾಗೆ ಮಾಡಿದರೆ ಸಂಬಂಧ ಮುಗಿಯಿತು ಎಂದು ಅರ್ಥ. “ಇವತ್ತಿಂದ ನಂಗೆ ತಂಗಿ ಇಲ್ಲ” ಎಂದ. ಅವ್ವ ಬಾಗಿಲಲ್ಲೇ ನಿಂತು, “ನಂಗೂ ಅಣ್ಣ ಹುಟ್ಲಿಲ್ಲ” ಎಂದಳು.

ಅದಾದ ಮೇಲೆ ಅವನ ಹೆಸರು ನಮ್ಮ ಮನೆಯಲ್ಲಿ ಬರುತ್ತಿರಲಿಲ್ಲ. ಅಕ್ಕನ ಮದುವೆ ಬತ್ತಲಗುಂಡಿನವರ ಜೊತೆ ಆಯಿತು. ಕರೆಯೋಲೆಯಲ್ಲಿ ಸೋದರಮಾವನ ಹೆಸರು ಹಾಕುವ ಜಾಗವನ್ನು ಬಿಟ್ಟರು. ನಾನು ಶಾಲೆ ಬಿಟ್ಟಿದ್ದೆ, ಮನೆಯ ಕಾಗದಪತ್ರ ಬರೆಯುವುದು ನನ್ನ ಕೆಲಸವಾಗಿತ್ತು. ಮಿಲ್ಲಿನ ವಿಮೆಯ ಕಾಗದದಲ್ಲಿ ಒಡಹುಟ್ಟಿದವರ ಹೆಸರು ಕೇಳಿತ್ತು. “ಇಲ್ಲಾಂತ ಬರಿ, ಕಣ್ಣು” ಎಂದಳು ಅವ್ವ. ಮುದ್ದಿಗೆ ನನ್ನನ್ನು ತಮಿಳರ ಹಾಗೆ ಕಣ್ಣು ಎಂದೇ ಕರೆಯುವಳು. ಬರೆದೆ. ಇನ್ನೆರಡು ಕಡೆಯೂ ಹಾಗೆಯೇ ಬರೆದೆ. ಒಂದು ಸಲ ಸಿಟ್ಟಿನಲ್ಲಿ, “ನಾ ಸತ್ರೂ ಅವ್ನ್ ಬಾಗ್ಲಿಗೆ ಹೋಗಿ ನಿಂತ್ಕಬೇಡ್ರಿ” ಎಂದೂ ಹೇಳಿದ್ದಳು. ಸಿಟ್ಟಿನ ಮಾತು ಯಾವುದು, ನಿಜದ ಮಾತು ಯಾವುದು ಎಂದು ನನಗೆ ಬೇಗ ತಿಳಿಯುವುದಿಲ್ಲ. ನಾನು ಎಲ್ಲವನ್ನೂ ಹಾಗೆಯೇ ಇಟ್ಟುಕೊಳ್ಳುತ್ತೇನೆ.

ಹೋದ ವರ್ಷ ಅವ್ವನಿಗೆ ತಿಂಗಳ ಸ್ರಾವ ನಿಲ್ಲದಾಯಿತು. ಐದು ತಿಂಗಳು ಯಾರಿಗೂ ಹೇಳಲಿಲ್ಲ. ನುಗ್ಗೆಸೊಪ್ಪು ತಿಂದಳು, ಬೆಲ್ಲ ತಿಂದಳು, ಮಿಲ್ಲಿಗೆ ಹೋದಳು. ಬಟ್ಟೆ ಒಗೆಯುವವಳು ನಾನು, ನನಗೆ ಗೊತ್ತಿತ್ತು. ಆಸ್ಪತ್ರೆಗೆ ಹೋಗೋಣವೇ ಎಂದು ಎರಡು ಸಲ ಕೇಳಿದೆ. ಮೂರನೇ ಸಲ ಕೇಳಬೇಕಿತ್ತು. ಒಂದು ಸೋಮವಾರ ಬೆಳಗ್ಗೆ ಮಿಲ್ಲಿನ ವ್ಯಾನು ಹತ್ತುವಾಗ ಬಿದ್ದಳು. ದಿಂಡಿಗಲ್ಲಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಮೈಯಲ್ಲಿ ರಕ್ತ ಇರಬೇಕಾದದ್ದರ ಮೂರನೇ ಒಂದು ಪಾಲೂ ಇಲ್ಲ, ಮೊದಲು ರಕ್ತ ಹಾಕಿ ಆಮೇಲೆ ಗರ್ಭಕೋಶ ತೆಗೆಯಬೇಕು ಎಂದರು ಡಾಕ್ಟರಮ್ಮ. ಓ ಪಾಸಿಟಿವ್ ತಾನೇ, ಸಿಗುತ್ತದೆ ಎಂದು ನಾವು ಧೈರ್ಯವಾಗಿದ್ದೆವು.

ರಕ್ತ ಹಾಕುವ ಮೊದಲು ಕೊಡುವವರ ರಕ್ತವನ್ನೂ ತೆಗೆದುಕೊಳ್ಳುವವರ ರಕ್ತವನ್ನೂ ಬೆರೆಸಿ ನೋಡುತ್ತಾರೆ. ಒಗ್ಗದಿದ್ದರೆ ಹಾಲು ಒಡೆದ ಹಾಗೆ ಗಂಟು ಗಂಟಾಗುತ್ತದೆ. ಆ ದಿನ ಅಲ್ಲಿದ್ದ ಓ ರಕ್ತದ ಚೀಲಗಳಲ್ಲಿ ಏಳನ್ನು ನೋಡಿದರು. ಏಳೂ ಗಂಟು ಕಟ್ಟಿದವು. ಅವ್ವನ ರಕ್ತವನ್ನು ಮದುರೈಗೆ ಕಳಿಸಿದರು. ಮಂಗಳವಾರ ಬೆಳಗ್ಗೆ ಅಲ್ಲಿಂದ ಉತ್ತರ ಬಂತು: ಇದು ಓ ಅಲ್ಲ, ಬಾಂಬೆ ಗುಂಪು.

ಅದೇನೆಂದು ರಕ್ತನಿಧಿಯಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ನನಗೆ ತಮಿಳಿನಲ್ಲಿ ಹೇಳಿದರು. ನಾನು ತಿಳಿದಷ್ಟು ಬರೆಯುತ್ತೇನೆ. ಎ, ಬಿ ಗುರುತುಗಳ ಅಡಿಯಲ್ಲಿ ಇನ್ನೊಂದು ಗುರುತು ಇರುತ್ತದೆ. ಓ ರಕ್ತದವರಿಗೆ ಮೇಲಿನ ಎರಡು ಇರುವುದಿಲ್ಲ, ಅಡಿಯ ಗುರುತು ಮಾತ್ರ ಇರುತ್ತದೆ. ಬಾಂಬೆ ಗುಂಪಿನವರಿಗೆ ಅದೂ ಇಲ್ಲ. ಆದ್ದರಿಂದ ಸಾಧಾರಣ ಪರೀಕ್ಷೆಯಲ್ಲಿ ಅವರದು ಓ ಎಂದೇ ಕಾಣಬಹುದು. ಆದರೆ ಓ ರಕ್ತ ಹಾಕಿದರೆ ಅವರ ಮೈ ಅದನ್ನು ಹೊರಗಿನದೆಂದು ಒಡೆದುಹಾಕುತ್ತದೆ, ಜೀವಕ್ಕೇ ಅಪಾಯ. ಅವರ ರಕ್ತ ಬೇರೆಯವರಿಗೆ ಆಗಬಹುದು. ಅವರಿಗೆ ಮಾತ್ರ ತಮ್ಮ ಗುಂಪಿನವರದೇ ಬೇಕು. ಸಾವಿರಾರು ಜನರಲ್ಲಿ ಒಬ್ಬರು ಸಿಕ್ಕರೆ ಹೆಚ್ಚು.

“ಅಮ್ಮನ ಅಪ್ಪ ಅಮ್ಮ ಸಂಬಂಧಿಕರೇ?” ಎಂದು ಕೇಳಿದರು. ತಾತ ತನ್ನ ಅಕ್ಕನ ಮಗಳನ್ನೇ ಮದುವೆಯಾದರು ಎಂದೆ. ಅವರು ತಲೆಯಾಡಿಸಿ ಒಂದು ಕಾಗದವನ್ನು ನನ್ನ ಮುಂದೆ ಇಟ್ಟರು. “ಕೂಡಪ್ಪಿರಂದವಂಗ ಇರುಕ್ಕಾಂಗಳಾ, ಪಾಪ್ಪಾ?” ಎಂದರು. ಒಡಹುಟ್ಟಿದವರು ಇದ್ದಾರೆಯೇ ಎಂದು.

ಅಪ್ಪ ಆಗ ಹತ್ತಿರವಿರಲಿಲ್ಲ, ಚಹಾ ತರಲು ಹೋಗಿದ್ದ. ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ಇದ್ದಾರೆ ಎಂದರೆ ಫೋನ್ ನಂಬರು ಕೇಳುತ್ತಾರೆ ಎಂದುಕೊಂಡೆ. ಮಾಮ ಫೋನಿನಲ್ಲಿ, ನನಗೆ ತಂಗಿ ಇಲ್ಲ ಎಂದು ಇಷ್ಟು ಜನರ ಮುಂದೆ ಹೇಳಿದರೆ ಅವ್ವನ ಮಾನ ಹೋಗುತ್ತದೆ ಎಂದುಕೊಂಡೆ. ಇದನ್ನೆಲ್ಲ ನಿಧಾನವಾಗಿ ಯೋಚಿಸಿದೆನೋ, ಕೈಗೆ ಅಭ್ಯಾಸವಾಗಿತ್ತೋ ಈಗ ಹೇಳಲಾರೆ. ‘ಇಲ್ಲ’ ಎಂದು ಬರೆದೆ.

“ಒಬ್ಬರೂ ಇಲ್ಲವೇ?”

ಇಲ್ಲ ಎಂದು ತಲೆಯಾಡಿಸಿದೆ. ಅವರು ಕಾಗದ ತೆಗೆದುಕೊಂಡು, ದೂರದ ಊರುಗಳಲ್ಲಿರುವ ಆ ಗುಂಪಿನವರ ಪಟ್ಟಿಯನ್ನು ಹಿಡಿದು ಒಬ್ಬೊಬ್ಬರಿಗೆ ಫೋನ್ ಮಾಡತೊಡಗಿದರು. ಆಗ ಮಂಗಳವಾರ ಹತ್ತೂಕಾಲು.

ಮಧ್ಯಾಹ್ನಕ್ಕೆ ಮಾಯಾಂಡಿ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಒಂದು ವ್ಯಾನಿನ ತುಂಬ ನಮ್ಮ ಕುಲದ ಹನ್ನೊಂದು ಗಂಡಸರನ್ನು ಕರೆದುಕೊಂಡು ಬಂದರು. ಅಂಗಿಯ ತೋಳು ಮೇಲೇರಿಸಿಕೊಂಡೇ ಇಳಿದರು.

“ತಾಳಿ ಕಟ್ಟಿದ್ ಮ್ಯಾಲೆ ಅವ್ಳು ನಮ್ ಕುಲ. ನಮ್ ರಕ್ತ ಅವ್ಳ್ಗೆ ಒಗ್ದೆ ಇನ್ಯಾರ್ದ್ ಒಗ್ತದೆ? ತಕ್ಕಳಮ್ಮಾ” ಎಂದು ದೊಡ್ಡಪ್ಪ ಕೈ ಚಾಚಿದರು.

ತಾಳಿಯಿಂದ ರಕ್ತ ಬದಲಾಗುವುದಿಲ್ಲ ಅಯ್ಯಾ ಎಂದರು ರಕ್ತನಿಧಿಯ ಅಕ್ಕ. ದೊಡ್ಡಪ್ಪ ಒಪ್ಪಲಿಲ್ಲ. “ಇಪ್ಪತ್ತಾರ್ ವರ್ಷ ನಮ್ ಮನೆ ಅನ್ನ ತಿಂದವ್ಳೆ. ಅದೆಲ್ಲ ಎಲ್ಲೋಯ್ತು?” ಎಂದರು. ಕೊನೆಗೆ ಆ ಅಕ್ಕ ಹನ್ನೊಂದೂ ಜನರದನ್ನು ನೋಡಿದರು. ಒಂದೂ ಒಗ್ಗಲಿಲ್ಲ. ಬತ್ತಲಗುಂಡಿನಿಂದ ಸಂಜೆ ಬಂದ ಅಮುದಾ ಅಕ್ಕನದೂ ನನ್ನದೂ ನೋಡಿದರು. ಇಬ್ಬರದೂ ಅಪ್ಪನ ಹಾಗೆ ಬಿ. ಹೆತ್ತ ಮಕ್ಕಳದೇ ಆಗದೇ ಎಂದು ದೊಡ್ಡಪ್ಪ ಮೆಟ್ಟಿಲ ಮೇಲೆ ಕೂತು ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಬೆಂಗಳೂರಿನಲ್ಲಿ ಒಬ್ಬರು ಸಿಕ್ಕಿದ್ದಾರೆ, ಅವರ ರಕ್ತ ತೆಗೆದು ಕಳಿಸಲು ಗುರುವಾರವಾಗುತ್ತದೆ ಎಂದು ಸುದ್ದಿ ಬಂತು. ಗುರುವಾರದವರೆಗೆ ತಡೆದರೆ ಸಾಕು ಎಂದು ಎಲ್ಲರೂ ಹೇಳುತ್ತಿದ್ದರು.

ಬುಧವಾರ ಹನ್ನೊಂದು ಗಂಟೆಗೆ ನಾನು ಅವ್ವನ ಪಕ್ಕದಲ್ಲಿದ್ದೆ. ಅವಳ ತುಟಿ ಹುಣಸೆಯ ಒಳಸಿಪ್ಪೆಯ ಹಾಗೆ ಬಿಳುಚಿತ್ತು. ಕಣ್ಣು ಬಿಡದೆ ಏನೋ ಕೇಳಿದಳು. ಬಾಗಿದೆ.

“ಎಲೆಗ್ ನೀರ್ ಕಟ್ಟುದ್ನಾ?”

“ಯಾರವ್ವಾ?”

“ಅಣ್ಣ. ಬಿಸ್ಲ್ ಏರ್ತು. ಕಟ್ಟುದ್ನಾ?”

“ಕಟ್ಟುದ್ನವ್ವಾ” ಎಂದೆ.

“ಸರಿ” ಎಂದಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

ನಾನು ಎದ್ದು ರಕ್ತನಿಧಿಗೆ ಹೋದೆ. ಒಂದೇ ಅಪ್ಪ ಅಮ್ಮನಿಗೆ ಹುಟ್ಟಿದವರಿಗೆ ಆ ಗುಂಪು ಇರಬಹುದೇ ಎಂದು ಕೇಳಿದೆ. ನಾಲ್ಕರಲ್ಲಿ ಒಂದು ಪಾಲು ಇರಬಹುದು, ಊರಲ್ಲೆಲ್ಲ ಹುಡುಕುವುದಕ್ಕಿಂತ ಅದೇ ಮೊದಲು ನೋಡಬೇಕಾದದ್ದು, ಅದಕ್ಕೇ ನಿನ್ನೆ ಕೇಳಿದ್ದು ಎಂದರು ಆ ಅಕ್ಕ. ನನ್ನ ಮುಖ ನೋಡಿದರು. ನಾನು ಹೊರಗೆ ಓಡಿದೆ.

ಅಮುದಾ ಅಕ್ಕ ಮೆಟ್ಟಿಲ ಹತ್ತಿರ ಇದ್ದಳು. “ಅಕ್ಕಾ, ಅವ್ವನ್ ಜೊತೆ ಹುಟ್ಟಿದೋರ್ ಇದ್ರೆ ಕರ್ಸಿ ಅಂತವ್ರೆ” ಎಂದೆ.

“ಯಾವಾಗ್ ಯೋಳಿದ್ರು?”

“ಈಗ” ಎಂದೆ.

ಅಕ್ಕ ಅಪ್ಪನನ್ನೂ ಕೇಳಲಿಲ್ಲ, ದೊಡ್ಡಪ್ಪನನ್ನೂ ಕೇಳಲಿಲ್ಲ. ತಾನು ಬೇಡವೆಂದ ಶಕ್ತಿವೇಲನಿಗೇ ಫೋನ್ ಮಾಡಿದಳು. ನಾಲ್ಕು ವರ್ಷದ ಮೇಲೆ ಅವಳಾಡಿದ ಮೊದಲ ಮಾತು, “ಮಾಮನ್ನ ಕರ್ಕಂಡ್ ಬಾ, ಅವ್ವ ಸಾಯ್ತಾವ್ಳೆ” ಎಂಬುದು. ಆ ಕಡೆಯಿಂದ ಅವನು ಒಂದೂ ಪ್ರಶ್ನೆ ಕೇಳಲಿಲ್ಲ. ಹಾಗೆಂದು ಅಕ್ಕ ಆಮೇಲೆ ಹಲವು ಸಲ ಹೇಳಿದ್ದಾಳೆ.

ಮೂರು ಗಂಟೆಗೆ ಬಂದರು. ಮಾಮ ತೋಟದಿಂದ ಹಾಗೆಯೇ ಬಂದಿದ್ದ. ಮಂಡಿಯವರೆಗೆ ಕೆಸರು ಒಣಗಿತ್ತು, ಬೆರಳ ತುದಿ ಎಲೆಯ ಕಲೆಯಿಂದ ಕಪ್ಪಾಗಿತ್ತು. ಅಪ್ಪನನ್ನು ನೋಡಿ ನಿಂತ. ಅಪ್ಪ, “ಬಾ ಮಚ್ಚಾನ್” ಎಂದ, ಬಾ ಭಾವ ಎಂದು. ಅಷ್ಟೇ. ರಕ್ತನಿಧಿಯ ಅಕ್ಕ ಬೆರಳಿನಿಂದ ರಕ್ತ ತೆಗೆದು ನೋಡಿದರು, ಮತ್ತೆ ನೋಡಿದರು. ಅವ್ವನ ರಕ್ತದ ಜೊತೆ ಬೆರೆಸಿದರು. ಗಂಟು ಕಟ್ಟಲಿಲ್ಲ, ನೀರಿನ ಹಾಗೆ ಸಮನಾಗಿ ನಿಂತಿತು.

“ಸೇರುತ್ತದೆ” ಎಂದರು.

ಮಾಮ ನಕ್ಕುಬಿಟ್ಟ. “ಸೇರ್ದೆ ಏನ್ ಮಾಡ್ತದೆ? ಒಂದೇ ಹಾಲ್ ಕುಡ್ದೋರು” ಎಂದ. ಮಂಚದ ಮೇಲೆ ಮಲಗಿ ಕೈ ಕೊಟ್ಟ. ಚೀಲ ತುಂಬುವುದನ್ನೇ ನೋಡುತ್ತ, ಇನ್ನೊಂದು ಚೀಲ ಬೇಕಾದರೂ ತಗೊಳ್ಳಿ, ನಾನು ದಪ್ಪ ಇದ್ದೇನೆ ಎಂದ. ಒಂದೇ ತೆಗೆಯುವುದು ಎಂದರು. ತೆಗೆದ ರಕ್ತದಲ್ಲಿ ಬೇರೆ ರೋಗವಿಲ್ಲವೆಂದು ನೋಡಿಯೇ ಕೊಡಬೇಕು, ಎಷ್ಟು ಬೇಗ ಮಾಡಿದರೂ ಎರಡು ಗಂಟೆ ಎಂದರು.

ಒಂದೂವರೆ ಗಂಟೆ ಕಳೆದಿತ್ತು. ವಾರ್ಡಿನಿಂದ ನರ್ಸು ಬಂದು ಅಪ್ಪನನ್ನು ಕರೆದಳು. ಅವಳು ಕರೆದ ರೀತಿಯಲ್ಲೇ ಅವ್ವ ಇಲ್ಲವೆಂದು ಗೊತ್ತಾಯಿತು.

ಮಾಮ ಮೊಣಕೈಯಲ್ಲಿ ಹತ್ತಿ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ. ಎದ್ದು ರಕ್ತನಿಧಿಯ ಕಿಟಕಿಗೆ ಹೋದ. “ಈಗ್ ಹಾಕ್ಬುಡಿ ತಾಯೀ. ಟೆಸ್ಟೆಲ್ಲಾ ಆಮ್ಯಾಕ್ ಮಾಡಿ. ಬೆಚ್ಚ್‌ಗೆ ಅದೆ ಅಲ್ವಾ, ಹಾಕ್ಬುಡಿ” ಎಂದ. ಆ ಅಕ್ಕ ಅವನ ಕೈ ಹಿಡಿದುಕೊಂಡರು. ಅವನ ಭುಜದ ಮೇಲಿಂದ ನನ್ನನ್ನು ನೋಡಿದರು. ನಾನು ‘ಇಲ್ಲ’ ಎಂದು ಬರೆದದ್ದನ್ನು ಈವರೆಗೂ ಅವರು ಯಾರಿಗೂ ಹೇಳಿಲ್ಲ.

ಮಂಗಳವಾರವೇ ರಕ್ತ ಹಾಕಿದ್ದರೆ ಉಳಿಯುತ್ತಿದ್ದಳೇ ಎಂದು ಒಂದು ತಿಂಗಳ ಮೇಲೆ ನಾನೊಬ್ಬಳೇ ಹೋಗಿ ಡಾಕ್ಟರಮ್ಮನನ್ನು ಕೇಳಿದೆ. ಖಂಡಿತವಾಗಿ ಹೇಳಲಾಗದು ಎಂದರು. ಆದರೆ ಉಳಿಯುವ ಅವಕಾಶ ಚೆನ್ನಾಗಿತ್ತು ಎಂದರು. ಅವರು ಸುಳ್ಳು ಹೇಳದೆ ಇದ್ದದ್ದಕ್ಕೆ ನನಗೆ ಅವರ ಮೇಲೆ ಗೌರವವಿದೆ.

ಅವ್ವನಿಗೆ ತವರಿನ ಸೀರೆ ಮಾಮನೇ ಹೊದಿಸಿದ. ಹಸಿರು ಸೀರೆ. ಅಂಗಳದಲ್ಲಿ ಎಲ್ಲರ ಮುಂದೆ, “ನಾ ಕಡ್ಡಿ ಮುರ್ದೆ. ಅದ್ಕೇ ಇವ್ರು ನನ್ನ ಕರ್ಯಕ್ ಹೆದರ್ಕಂಡ್ರು. ಹೆದರ್ಕಂಡ್ ಹೆದರ್ಕಂಡೇ ಹೊತ್ತ್ ಮೀರ್ತು. ನಾನೇ ಕೊಂದೆ” ಎಂದು ಎದೆ ಬಡಿದುಕೊಂಡ. ನಾನು ಕಂಬದ ಹಿಂದೆ ನಿಂತಿದ್ದೆ. ಆಗ ಹೇಳಬಹುದಿತ್ತು.

ಇದಾಗಿ ಎಂಟು ತಿಂಗಳಾಯಿತು. ಆ ದಿನ ತೆಗೆದ ಚೀಲ ಮದುರೈಯಲ್ಲಿ ಹೆರಿಗೆಯಾದ ಯಾರೋ ಹೆಂಗಸಿಗೆ ಹೋಯಿತಂತೆ, ಹೆಸರು ಹೇಳಲಿಲ್ಲ. ಮಾಮ ತನ್ನ ಹೆಸರನ್ನೂ ಬಾಂಬೆ ಗುಂಪಿನವರ ಪಟ್ಟಿಯಲ್ಲಿ ಬರೆಸಿದ್ದಾನೆ. ಆದರೆ ಈಗ ಏಣಿ ಹತ್ತುವುದಿಲ್ಲ, ತೋಟದ ಬದುವಿನ ಮೇಲೆ ಕೂತು ಬಂದವರಿಗೆಲ್ಲ ಅದೇ ಮಾತು ಹೇಳುತ್ತಾನೆ, ಕಡ್ಡಿ ಮುರಿದೆ, ತಂಗಿ ಹೋದಳು ಎಂದು. ಹೋದ ವಾರ ಶಕ್ತಿವೇಲ್ ಫೋನ್ ಮಾಡಿದ್ದ. “ಅಪ್ಪ ಊಟಾನೇ ಸರಿಯಾಗ್ ಮಾಡ್ತಿಲ್ಲ, ಯುವಶ್ರೀ. ಯಾರ್ ಯೋಳಿದ್ರೂ ಕೇಳಾಕಿಲ್ಲ. ನೀನಾದ್ರೂ ಒಂದ್ ಸಲ ಮಾತಾಡು” ಎಂದ. ನಾನು ಸರಿ ಎಂದು ಫೋನ್ ಇಟ್ಟೆ.

ಮಾಮ ತನ್ನದಲ್ಲದ ತಪ್ಪನ್ನೂ ಸೇರಿಸಿ ಹೊತ್ತುಕೊಂಡಿದ್ದಾನೆ. ಕಡ್ಡಿ ಮುರಿದದ್ದು ಅವನೇ. ಆದರೆ ಕರೆದ ಕೂಡಲೇ ಕೆಸರುಗಾಲಲ್ಲಿ ಬಂದವನೂ ಅವನೇ. ಒಂದು ದಿನ ಮೊದಲು ಕರೆದಿದ್ದರೆ ಒಂದು ದಿನ ಮೊದಲು ಬರುತ್ತಿದ್ದ. ಇದು ಅವನಿಗೆ ಗೊತ್ತಿಲ್ಲ. ಅಪ್ಪನಿಗೂ ಅಕ್ಕನಿಗೂ ಗೊತ್ತಿರಲಿಲ್ಲ, ನಿನ್ನೆ ಅವರಿಬ್ಬರಿಗೂ ಹೇಳಿದೆ. ಅಕ್ಕ ಫೋನಿನಲ್ಲಿ, ಯಾವ ಹೊತ್ತಿಗೆ ಕೇಳಿದ್ದರು ಎಂದು ಎರಡು ಸಲ ಕೇಳಿದಳು. ಅಪ್ಪ, “ನಾನಿದ್ರೂ ಅಂಗೇ ಬರ್ಸ್ತಿದ್ನೋ ಏನೋ” ಎಂದು ಎದ್ದುಹೋದ. ಅದರಿಂದ ನನಗೆ ಸಮಾಧಾನವಾಗಲಿಲ್ಲ.

ಈ ಪುಸ್ತಕ ಅಚ್ಚಾಗಿ ಬೇರೆಯವರು ಓದಿ ಹೇಳುವ ಮೊದಲು ಮಾಮನಿಗೆ ಇದು ನನ್ನ ಬಾಯಿಂದ ತಿಳಿಯಬೇಕು. ಬರುವ ಶುಕ್ರವಾರ ಬೆಳಗ್ಗೆ ಆರು ಗಂಟೆಯ ಬಸ್ಸಿನಲ್ಲಿ ದಿಂಡಿಗಲ್ಲಿಗೆ ಹೋಗಿ, ಅಲ್ಲಿಂದ ಚಿನ್ನಮನೂರಿನ ಬಸ್ಸು ಹಿಡಿದು ಮಾರ್ಕಯನ್‌ಕೋಟ್ಟೈಗೆ ಹೋಗುತ್ತೇನೆ. ಮಂಗಳವಾರವೇ ಕೇಳಿದ್ದರು, ಇಲ್ಲ ಎಂದವಳು ನಾನು ಎಂದು ಮಾಮನಿಗೆ ಹೇಳುತ್ತೇನೆ.